ಪಾರ್ಶ್ವವಾಯು: ಮೊದಲ ಗಂಟೆಗಳು, ಮೊದಲ ತಿಂಗಳುಗಳು

ಕರೋಲ್ ಬಾಗ್‌ನ ಪ್ರಧಾನ ಪೇಟೆಬೀದಿಗೆ ವೈದ್ಯರೊಬ್ಬರ ಹೆಸರಿದೆ. ಹಕೀಮ್ ಅಜ್ಮಲ್ ಖಾನರು ಆಯುರ್ವೇದ ಮತ್ತು ಯುನಾನಿ ಪದ್ಧತಿಗಳೆರಡನ್ನೂ ಒಂದೇ ಸೂರಿನಡಿ ಕಲಿಸಬೇಕೆಂಬ ಸಂಕಲ್ಪದಿಂದ ಕಟ್ಟಿದ ತಿಬ್ಬಿಯಾ ಕಾಲೇಜನ್ನು ಮಹಾತ್ಮ ಗಾಂಧಿಯವರು 1921ರ ಫೆಬ್ರವರಿ 13ರಂದು ಇದೇ ಬಡಾವಣೆಯಲ್ಲಿ ಉದ್ಘಾಟಿಸಿದರು. ಪಕ್ಕದ ರಾಜೇಂದ್ರ ನಗರದ ಸರ್ ಗಂಗಾರಾಮ್ ಆಸ್ಪತ್ರೆಯ ಮೂಲ 1921ರ ಲಾಹೋರ್. ದೇಶವಿಭಜನೆಯ ನಂತರ ಅದು ದಿಲ್ಲಿಯಲ್ಲಿ ಮರುಹುಟ್ಟು ಪಡೆದು 1954ರಲ್ಲಿ ಬಾಗಿಲು ತೆರೆಯಿತು. ಕೇಂದ್ರ ಸರ್ಕಾರದ ನೌಕರಿಗೆಂದು ಬಂದ ದಕ್ಷಿಣದ ಕುಟುಂಬಗಳು ನೆಲೆಯೂರಿದ ಹಳೆಯ ಬಡಾವಣೆಗಳಲ್ಲಿ ಕರೋಲ್ ಬಾಗ್ ಒಂದು. ಅಂದು ತರುಣರಾಗಿ ಬಂದವರು ಇಂದು ಎಪ್ಪತ್ತು, ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಕ್ಕಳು ಗುರುಗ್ರಾಮದಲ್ಲೋ ಬೆಂಗಳೂರಿನಲ್ಲೋ ಸಾಗರದಾಚೆಯೋ ಇದ್ದಾರೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಇಂತಹ ಮನೆಗಳನ್ನು ಒಂದೇ ಏಟಿಗೆ ಅಲುಗಾಡಿಸಿಬಿಡುವ ವ್ಯಾಧಿ ಪಾರ್ಶ್ವವಾಯು. ಕಳೆದ ಮೂರು ದಶಕಗಳ ಸಂಶೋಧನೆಯಿಂದ ಇದರ ಚಿಕಿತ್ಸೆಯ ಸ್ವರೂಪವೇ ಬದಲಾಗಿದೆ. ನಾವು ವೈದ್ಯರಲ್ಲ. ಪ್ರಕಟವಾದ ಪ್ರಮುಖ ಅಧ್ಯಯನಗಳ ಸಾರವನ್ನು ದಿಲ್ಲಿಯ ಕನ್ನಡ ಕುಟುಂಬಗಳಿಗೆ ಉಪಯೋಗವಾಗುವಂತೆ ಒಂದೆಡೆ ಕೂಡಿಸುವುದಷ್ಟೇ ಈ ಲೇಖನದ ಉದ್ದೇಶ. ಯಾವ ಔಷಧವನ್ನೂ ಇದನ್ನು ಓದಿ ಆರಂಭಿಸಬಾರದು, ನಿಲ್ಲಿಸಲೂ ಬಾರದು.

ವ್ಯಾಧಿಯ ಸ್ವರೂಪ

ಮಿದುಳಿಗೆ ರಕ್ತವನ್ನೊಯ್ಯುವ ಧಮನಿ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದು ಒಂದು ಬಗೆ. ಧಮನಿಯೇ ಒಡೆದು ಮಿದುಳಿನೊಳಗೆ ರಕ್ತ ಸುರಿಯುವುದು ಇನ್ನೊಂದು ಬಗೆ. ಮೊದಲನೆಯದೇ ಹೆಚ್ಚು ಸಾಮಾನ್ಯ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ; ಆದರೆ ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಪ್ರಾಣಾಂತಿಕವಾಗಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವುದು ತಲೆಯ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಮಾತ್ರ. ಸ್ಕ್ಯಾನ್ ಆಗುವ ಮುನ್ನ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ನುಂಗಿಸಬಾರದೆಂದು ವೈದ್ಯರು ಎಚ್ಚರಿಸುವುದು ಈ ಕಾರಣಕ್ಕೇ.

ಜಾಗತಿಕ ರೋಗಭಾರದ ಅಧ್ಯಯನದ ಪ್ರಕಾರ 2021ರಲ್ಲಿ ವಿಶ್ವದಾದ್ಯಂತ ಸುಮಾರು 1.19 ಕೋಟಿ ಜನರಿಗೆ ಹೊಸದಾಗಿ ಪಾರ್ಶ್ವವಾಯು ತಗುಲಿತು. ಸುಮಾರು 73 ಲಕ್ಷ ಜನ ಅದರಿಂದ ಅಸುನೀಗಿದರು.

ಗುರುತಿಸುವುದು ಹೇಗೆ?

ಮೂರು ಸರಳ ಪರೀಕ್ಷೆಗಳು ಸಾಕು. ನಗಲು ಹೇಳಿ: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದೇ? ಎರಡೂ ತೋಳುಗಳನ್ನು ಎತ್ತಿ ಹಿಡಿಯಲು ಹೇಳಿ: ಒಂದು ತೋಳು ತಾನಾಗಿ ಕೆಳಗಿಳಿಯುವುದೇ? ಒಂದು ಸಣ್ಣ ವಾಕ್ಯ ಹೇಳಿಸಿ: ಮಾತು ತೊದಲುವುದೇ, ಅರ್ಥಹೀನವಾಗುವುದೇ? ಇವುಗಳ ಜೊತೆಗೆ ಹಠಾತ್ತನೆ ನಡಿಗೆಯ ಸಮತೋಲ ತಪ್ಪುವುದು, ಒಂದು ಕಣ್ಣಿನ ಅಥವಾ ಒಂದು ಬದಿಯ ದೃಷ್ಟಿ ಮಸುಕಾಗುವುದು ಕೂಡ ಲಕ್ಷಣಗಳೇ. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಸಮಯವನ್ನು ಬರೆದಿಡಬೇಕು. ರೋಗಿ ಕೊನೆಯ ಬಾರಿ ಸರಿಯಾಗಿದ್ದುದು ಯಾವಾಗ ಎಂಬುದೇ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ. ಲಕ್ಷಣಗಳು ಕೆಲವೇ ನಿಮಿಷಗಳಲ್ಲಿ ತಾವಾಗಿ ಮಾಯವಾದರೂ ಸುಮ್ಮನಿರುವಂತಿಲ್ಲ. ಅದು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.

ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರ, ರಕ್ತದ ಸಕ್ಕರೆ ಹಾಗೂ ನುಂಗುವಿಕೆ ಈ ಮೂರನ್ನು ದಾದಿಯರು ಕ್ರಮಬದ್ಧವಾಗಿ ನೋಡಿಕೊಂಡರೆ ಸಾವು ಮತ್ತು ಪರಾವಲಂಬನೆ ಗಣನೀಯವಾಗಿ ಇಳಿಯುತ್ತವೆಂದು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ.

ನಮ್ಮ ಜನ ಬಳಸುವ ‘ಲಕ್ವ’ ಎಂಬ ಮಾತಿನ ಬಗ್ಗೆ ಇಲ್ಲೊಂದು ಸೂಚನೆ ಅಗತ್ಯ. ಮುಖದ ನರವೊಂದು ಮಾತ್ರ ಸೋತು ಬಾಯಿ ಸೊಟ್ಟಗಾಗುವ, ಕಣ್ಣು ಮುಚ್ಚಲಾಗದ ಬೇರೊಂದು ರೋಗವನ್ನೂ ಜನ ಲಕ್ವವೆಂದೇ ಕರೆಯುತ್ತಾರೆ. ಅದು ಬಹುಪಾಲು ರೋಗಿಗಳಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಆ ಅವಧಿಯಲ್ಲಿ ಯಾವ ನಾಟಿ ಔಷಧ ಕೊಟ್ಟಿದ್ದರೂ ಕೀರ್ತಿ ಆ ಔಷಧಕ್ಕೇ ಸಲ್ಲುತ್ತದೆ. ಆ ಕೀರ್ತಿಯನ್ನು ನಂಬಿ ಮಿದುಳಿನ ಪಾರ್ಶ್ವವಾಯು ತಗುಲಿದವರನ್ನು ಊರಿಗೆ ಕರೆದೊಯ್ದರೆ ದಾರಿಯಲ್ಲಿಯೇ ಚಿಕಿತ್ಸೆಯ ಹೊತ್ತು ಮೀರಿಹೋಗುತ್ತದೆ. ಎರಡರಲ್ಲಿ ಯಾವುದೆಂದು ಮನೆಯಲ್ಲಿ ತೀರ್ಮಾನಿಸಲು ಹೋಗದೆ ಆಸ್ಪತ್ರೆಗೆ ಹೋಗುವುದೇ ಕ್ಷೇಮ.

ಮೊದಲ ಗಂಟೆಗಳು

ದೊಡ್ಡ ಧಮನಿ ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಮೆರಿಕದ ತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಚಿಕಿತ್ಸೆಯ ಇತಿಹಾಸವೆಲ್ಲ ಈ ನಿಮಿಷಗಳೊಡನೆ ನಡೆದ ಸೆಣಸಾಟವೇ.

1995ರಲ್ಲಿ ಅಮೆರಿಕದ ಅಧ್ಯಯನವೊಂದು ಹೆಪ್ಪನ್ನು ಕರಗಿಸುವ ಆಲ್ಟಿಪ್ಲೇಸ್ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುತ್ತದೆಂದು ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಆಲ್ಟಿಪ್ಲೇಸನ್ನು ಒಂದು ಗಂಟೆ ಕಾಲ ಹನಿಹನಿಯಾಗಿ ಏರಿಸಬೇಕು. ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವ ಟೆನೆಕ್ಟಿಪ್ಲೇಸ್ ಅದಕ್ಕೆ ಸರಿಸಮವೆಂದು 2022ರಲ್ಲಿ ಕೆನಡಾದ ಅಧ್ಯಯನ ದೃಢಪಡಿಸಿತು. 2025ರ ಮಾರ್ಚ್‌ನಲ್ಲಿ ಅಮೆರಿಕವೂ ಅದಕ್ಕೆ ಅನುಮತಿಯಿತ್ತಿತು. ಭಾರತದಲ್ಲಿ ಈ ಔಷಧ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು.

ಎರಡನೆಯ ಕ್ರಾಂತಿ 2015ರದು. ತೊಡೆಸಂದಿಯ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಮಿದುಳಿನವರೆಗೆ ಒಯ್ದು, ಹೆಪ್ಪನ್ನೇ ಹಿಡಿದು ಹೊರಗೆಳೆಯುವ ವಿಧಾನ ಫಲಕಾರಿಯೆಂದು ಐದು ಅಧ್ಯಯನಗಳು ಒಂದರ ಹಿಂದೊಂದು ಸಾರಿದವು. ಐದನ್ನೂ ಕೂಡಿಸಿ 1,287 ರೋಗಿಗಳ ವಿವರವನ್ನು ವಿಶ್ಲೇಷಿಸಿದಾಗ, ಹೀಗೆ ಚಿಕಿತ್ಸೆ ಪಡೆದ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ವೈಕಲ್ಯ ಒಂದು ಹಂತವಾದರೂ ತಗ್ಗಿತೆಂದು ತಿಳಿದುಬಂತು. 2018ರ ವೇಳೆಗೆ ಬಂದ ಮತ್ತೆರಡು ಅಧ್ಯಯನಗಳು, ಮಿದುಳಿನ ಉಳಿಸಬಹುದಾದ ಭಾಗ ಇನ್ನೂ ಇದೆಯೆಂದು ಸ್ಕ್ಯಾನ್ ತೋರಿಸಿದ ಆಯ್ದ ರೋಗಿಗಳಲ್ಲಿ ಒಂದರಲ್ಲಿ 16, ಇನ್ನೊಂದರಲ್ಲಿ 24 ಗಂಟೆಗಳವರೆಗೂ ಈ ವಿಧಾನ ನೆರವಾಗುತ್ತದೆಂದು ತೋರಿಸಿದವು. ನಿದ್ರೆಯಲ್ಲಿ ಆಘಾತವಾಗಿ ಬೆಳಿಗ್ಗೆ ಏಳುವಾಗ ಗೊತ್ತಾದವರಿಗೂ ಇದರಿಂದ ದಾರಿ ತೆರೆಯಿತು. ‘ಹೇಗೂ ಹೊತ್ತು ಮೀರಿತು, ನಾಳೆ ನೋಡೋಣ’ ಎಂಬ ಮಾತಿಗೆ ಈಗ ಆಧಾರವಿಲ್ಲ. ಹಾಗೆಂದು 24 ಗಂಟೆ ಇದೆಯೆಂದು ಕಾಯುವಂತೆಯೂ ಇಲ್ಲ. ಪ್ರತಿ ನಿಮಿಷದ ನಷ್ಟ ನಷ್ಟವೇ.

ರಕ್ತಸ್ರಾವದ ಬಗೆಗೆ ಬಹುಕಾಲ ಖಚಿತ ಚಿಕಿತ್ಸೆ ಇರಲಿಲ್ಲ. ಭಾರತವೂ ಸೇರಿದಂತೆ ಹತ್ತು ದೇಶಗಳ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಸ ಭರವಸೆ ನೀಡಿದೆ. ರಕ್ತದೊತ್ತಡವನ್ನು ಬೇಗನೆ ಇಳಿಸುವುದು, ಸಕ್ಕರೆ ಮತ್ತು ಜ್ವರದ ಹತೋಟಿ, ರಕ್ತ ತೆಳುವಾಗಿಸುವ ಔಷಧದ ಪರಿಣಾಮವನ್ನು ತೊಡೆಯುವುದು, ಇಷ್ಟನ್ನೂ ಮೊದಲ ಗಂಟೆಗಳಲ್ಲೇ ಒಟ್ಟಾಗಿ ಮಾಡಿದಾಗ ಫಲಿತಾಂಶ ಸುಧಾರಿಸಿತು.

ನಮ್ಮ ಬಡಾವಣೆಯ ಮಟ್ಟಿಗೆ ಇದರ ಅರ್ಥ ಸರಳ. ಹತ್ತಿರದ ಆಸ್ಪತ್ರೆಗಳಲ್ಲಿ ಯಾವುದರಲ್ಲಿ ಹಗಲಿರುಳೂ ಸ್ಕ್ಯಾನ್ ಆಗುತ್ತದೆ, ಯಾವುದರಲ್ಲಿ ಹೆಪ್ಪು ತೆಗೆಯುವ ತಂಡವಿದೆ ಎಂಬುದನ್ನು ಆರೋಗ್ಯವಾಗಿದ್ದಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಸಂಜೆಯ ಪೇಟೆಯ ನೂಕುನುಗ್ಗಲಿನಲ್ಲಿ ಆಂಬುಲೆನ್ಸ್ ಯಾವ ಗಲ್ಲಿಯವರೆಗೆ ಬರಬಲ್ಲದು, ಮೆಟ್ಟಿಲಿಳಿಸಲು ನೆರೆಯ ಯಾರು ನೆರವಾಗುವರು ಎಂಬುದನ್ನೂ ಯೋಚಿಸಿಡಬೇಕು. ದಿಲ್ಲಿಯಲ್ಲಿ ಆಂಬುಲೆನ್ಸಿಗೆ 102, ಯಾವುದೇ ತುರ್ತಿಗೆ 112.

ಮೊದಲ ತಿಂಗಳುಗಳು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಬಿಲ್ಲು ಪಾವತಿಯಾಯಿತು, ಜೀವ ಉಳಿಯಿತು, ಇನ್ನು ದೇವರಿಚ್ಛೆ ಎಂಬ ಧೋರಣೆ. ಗಡಿಯಾರ ಎರಡನೆಯ ಸಲ ಓಡತೊಡಗುವುದು ಇಲ್ಲಿಯೇ.

2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 72 ರೋಗಿಗಳಲ್ಲಿ ಕೆಲವರಿಗೆ 20 ಗಂಟೆಗಳ ಹೆಚ್ಚುವರಿ ಕೈ ತರಬೇತಿಯನ್ನು ಬೇರೆ ಬೇರೆ ಅವಧಿಗಳಲ್ಲಿ ನೀಡಿ ನೋಡಿತು. ಆಘಾತವಾದ ಎರಡು–ಮೂರು ತಿಂಗಳ ಸುಮಾರಿಗೆ ತರಬೇತಿ ಪಡೆದವರಲ್ಲಿ ಸುಧಾರಣೆ ಅತ್ಯಧಿಕವಾಗಿತ್ತು. ಮಿದುಳು ತನ್ನನ್ನು ತಾನು ಹೊಸದಾಗಿ ಹೆಣೆದುಕೊಳ್ಳಲು ಹೆಚ್ಚು ಸಿದ್ಧವಾಗಿರುವ ಕಾಲವೊಂದಿದೆ ಎಂಬ ಊಹೆಗೆ ಇದು ಬಲ ನೀಡಿತು. ಆದರೆ ಅವಸರವೂ ಸಲ್ಲದು. 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 24 ಗಂಟೆಗಳಲ್ಲಿಯೇ ಪದೇ ಪದೇ ಎಬ್ಬಿಸಿ ನಡೆಸಿದವರ ಪೈಕಿ ಶೇಕಡ 46ರಷ್ಟು ಮಂದಿ ಮೂರು ತಿಂಗಳ ನಂತರ ಸ್ವಾವಲಂಬಿಗಳಾಗಿದ್ದರೆ, ಸಾಮಾನ್ಯ ಕ್ರಮ ಅನುಸರಿಸಿದವರಲ್ಲಿ ಆ ಪ್ರಮಾಣ ಶೇಕಡ 50 ಇತ್ತು. ಯಾವಾಗ ಎಬ್ಬಿಸಬೇಕು, ಎಷ್ಟು ನಡೆಸಬೇಕು ಎಂಬ ನಿರ್ಧಾರ ತಜ್ಞರದೇ ಆಗಿರಬೇಕು.

ಹೊಸ ವಿಧಾನಗಳಲ್ಲಿ ಕೆಲವು ಗೆದ್ದಿವೆ. ಸರಿಯಿರುವ ಕೈಗೆ ಚೀಲ ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ, ಆಘಾತವಾಗಿ ಮೂರರಿಂದ ಒಂಬತ್ತು ತಿಂಗಳಾದ 222 ರೋಗಿಗಳಲ್ಲಿ ಫಲ ಕೊಟ್ಟಿತೆಂದು 2006ರಲ್ಲಿ ವರದಿಯಾಯಿತು. ಬೆರಳು, ಮಣಿಕಟ್ಟುಗಳಲ್ಲಿ ಅಲ್ಪಸ್ವಲ್ಪ ಚಲನೆ ಉಳಿದವರಿಗೆ ಮಾತ್ರ ಇದು ಅನ್ವಯ. ಕುತ್ತಿಗೆಯ ವೇಗಸ್ ನರಕ್ಕೆ ವ್ಯಾಯಾಮದ ಜೊತೆಜೊತೆಗೇ ಸೂಕ್ಷ್ಮ ವಿದ್ಯುತ್ ಪ್ರಚೋದನೆ ಕೊಡುವ ಸಾಧನಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಸೋತವುಗಳನ್ನು ತಿಳಿದಿರುವುದೂ ಅಷ್ಟೇ ಮುಖ್ಯ; ಅವುಗಳಿಗಾಗಿಯೇ ಕುಟುಂಬಗಳು ಠೇವಣಿ ಮುರಿಸುವುದುಂಟು. ಚೇತರಿಕೆಯನ್ನು ಹೆಚ್ಚಿಸುತ್ತದೆಂದು ನಂಬಲಾಗಿದ್ದ ಫ್ಲೂಆಕ್ಸಿಟೀನ್ ಮಾತ್ರೆ 2018 ಮತ್ತು 2020ರ ದೊಡ್ಡ ಅಧ್ಯಯನಗಳಲ್ಲಿ ಆ ಗುಣ ತೋರಲಿಲ್ಲ, ಮೂಳೆಮುರಿತ ಹೆಚ್ಚಿಸಿತು. ರೊಬಾಟ್ ಯಂತ್ರದ ಕೈ ತರಬೇತಿ 770 ರೋಗಿಗಳ ಬ್ರಿಟಿಷ್ ಅಧ್ಯಯನದಲ್ಲಿ (2019) ಸಾಮಾನ್ಯ ಕ್ರಮಕ್ಕಿಂತ ಮೇಲೆನಿಸಲಿಲ್ಲ. ರೋಗಿಯದೇ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ರಕ್ತನಾಳಕ್ಕೆ ಸೇರಿಸುವ ಪ್ರಯೋಗವನ್ನು ದಿಲ್ಲಿಯ ಏಮ್ಸ್‌ನ ಡಾ. ಕಾಮೇಶ್ವರ ಪ್ರಸಾದ್ ಮತ್ತು ಸಂಗಡಿಗರು ದೇಶದ ಐದು ಕೇಂದ್ರಗಳ 120 ರೋಗಿಗಳಲ್ಲಿ ನಡೆಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ವಿಧಾನ ಸುರಕ್ಷಿತ, ಪ್ರಯೋಜನ ಕಾಣಲಿಲ್ಲ.

ಮನೆಮಂದಿಯ ಆರೈಕೆ ಸಾಕೇ?

ಭಾರತದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಫಿಸಿಯೋಥೆರಪಿ ದುಬಾರಿ, ತಜ್ಞರು ವಿರಳ. ಮನೆಮಂದಿಗೇ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಆಗದೇ? ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಜಯರಾಜ್ ಪಾಂಡಿಯನ್ ಮತ್ತು ಆಸ್ಟ್ರೇಲಿಯಾದ ಸಹಸಂಶೋಧಕರು ದೇಶದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಅನಿರೀಕ್ಷಿತವಾಗಿತ್ತು. ಆರು ತಿಂಗಳ ನಂತರ ಮರಣಿಸಿದವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇಕಡ 47 ಇತ್ತು. ಮನೆಮಂದಿಯ ತರಬೇತಿಯಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಇದರಿಂದ ಮನೆಯವರ ಪ್ರೀತಿ ವ್ಯರ್ಥವೆಂದು ತೀರ್ಮಾನಿಸಬಾರದು. ಊಟ, ಸ್ನಾನ, ಧೈರ್ಯ, ಔಷಧದ ಹೊತ್ತು, ಎಲ್ಲವೂ ಮನೆಯವರಿಂದಲೇ ಆಗಬೇಕು. ಆದರೆ ಪ್ರೀತಿಯೇ ವಿದ್ಯೆಯ ಸ್ಥಾನ ತುಂಬಲಾರದು. ಸೊಸೆಯೋ ಪತ್ನಿಯೋ ಬೆಳಗಿನಿಂದ ರಾತ್ರಿಯವರೆಗೆ ಕೈಕಾಲು ನೀವುತ್ತ ಕುಳಿತು, ಗುಣ ಕಾಣದಾಗ ತಮ್ಮನ್ನೇ ಹಳಿದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಆ ತಪ್ಪು ಅವರದಲ್ಲವೆಂದು ಈ ಅಧ್ಯಯನ ಹೇಳುತ್ತದೆ. ಕೈಲಾದಷ್ಟು ಅವಧಿಗಾದರೂ ಶಿಕ್ಷಣ ಪಡೆದ ಫಿಸಿಯೋಥೆರಪಿಸ್ಟರನ್ನು ನೇಮಿಸಿ, ಮೊದಲ ಮೂರು ತಿಂಗಳಲ್ಲಿ ಹಣವನ್ನು ಅಲ್ಲಿಗೆ ವಿನಿಯೋಗಿಸುವುದು ಜಾಣತನ.

ಮಾತು ಮರಳುವ ದಾರಿ

ಮಿದುಳಿನ ಎಡಭಾಗಕ್ಕೆ ಆಘಾತವಾದಾಗ ಅನೇಕರಿಗೆ ಅಫೇಸಿಯಾ ಎಂಬ ಭಾಷಾಲೋಪ ಉಂಟಾಗುತ್ತದೆ. ಬುದ್ಧಿ ಇರುತ್ತದೆ, ಹೇಳಬೇಕೆಂಬ ಹಂಬಲ ಇರುತ್ತದೆ, ಪದ ಸಿಗುವುದಿಲ್ಲ. ದಿಲ್ಲಿಯ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಹಿಂದಿ, ಹೀಗೆ ಮೂರು ಭಾಷೆಗಳಲ್ಲಿ ಬದುಕಿದವರು ನಾವು. ಮೂರರಲ್ಲಿ ಯಾವುದು ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಫ್ರಾನ್ಸಿನ ರಿಬೋ 1880ರ ದಶಕದಲ್ಲಿ ಹೇಳಿದರು. ಆಘಾತಕ್ಕೆ ಮುನ್ನ ಹೆಚ್ಚು ಬಳಸುತ್ತಿದ್ದುದು ಎಂದು ಅದೇ ದೇಶದ ಪಿತ್ರ್ 1895ರಲ್ಲಿ ವಾದಿಸಿದರು. ನಂತರ ದಾಖಲಾದ ರೋಗಿಗಳಲ್ಲಿ ಭಾಷೆಗಳು ಜೊತೆಜೊತೆಯಾಗಿ ಮರಳುವುದೇ ಹೆಚ್ಚು. ಆದರೂ ಒಂದು ಮರಳಿ ಮತ್ತೊಂದು ಹಿಂದುಳಿದವರೂ ಇದ್ದಾರೆ.

ನಮ್ಮ ಪರಿಚಯದ ಹಿರಿಯರೊಬ್ಬರು ಹಿಂದಿಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಮೌನವಾಗಿದ್ದರು. ‘ಏನೂ ಅರ್ಥವಾಗುತ್ತಿಲ್ಲ’ ಎಂದು ಚೀಟಿಯಲ್ಲಿ ನಮೂದಾಯಿತು. ಸಂಜೆ ಪತ್ನಿ ‘ಕಾಫಿ ಬೇಕೇನ್ರೀ?’ ಎಂದಾಗ ‘ಬೇಡ, ಸಾಕು’ ಎಂದರು. ಆ ಎರಡು ಪದಗಳನ್ನು ಯಾರಾದರೂ ಚಿಕಿತ್ಸಕರಿಗೆ ತಿಳಿಸದಿದ್ದರೆ, ಉಳಿದಿರುವ ಭಾಷೆಯೂ ಇಲ್ಲವೆಂದೇ ಲೆಕ್ಕವಾಗುತ್ತದೆ.

ಈ ವಿಷಯದಲ್ಲಿ ಕನ್ನಡ ಬರಿಗೈಯಲ್ಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿದೆ. ಭಾಷಾಲೋಪವನ್ನು ಅಳೆಯುವ ಪರೀಕ್ಷೆಗಳು ಕನ್ನಡಕ್ಕೆ ಹೊಂದಿಕೆಯಾಗಿವೆ. ವಯಸ್ಕರ ಅಫೇಸಿಯಾ ಚಿಕಿತ್ಸೆಗೆ ಕನ್ನಡದ ಕೈಪಿಡಿಯನ್ನೂ ಆ ಸಂಸ್ಥೆ ಸಿದ್ಧಪಡಿಸಿದೆ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 608 ರೋಗಿಗಳನ್ನು ಅಭ್ಯಸಿಸಿ 2016ರಲ್ಲಿ ಪ್ರಕಟಿಸಿದ ಲೇಖನ ನಮ್ಮಂಥ ಬಹುಭಾಷಿಕರಿಗೆ ಸಮಾಧಾನ ತರುವಂಥದು. ಆಘಾತದ ನಂತರ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇಕಡ 40.5, ಒಂದೇ ಭಾಷೆಯವರಲ್ಲಿ ಶೇಕಡ 19.6. ಭಾಷಾಲೋಪದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ಎಷ್ಟು ತರಬೇತಿ ಬೇಕು? ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಒಟ್ಟು 20ರಿಂದ 50 ಗಂಟೆಗಳ ವಾಕ್ ಚಿಕಿತ್ಸೆ ಪಡೆದವರಲ್ಲಿ ಭಾಷೆಯ ಸುಧಾರಣೆ ಅತಿ ಹೆಚ್ಚಾಗಿತ್ತು. ಆರು ತಿಂಗಳು ಕಳೆದ ಮೇಲೆ ಮಾತು ಮರಳದೆಂಬ ಮಾತೂ ಸುಳ್ಳು. ಆರು ತಿಂಗಳು ಮೀರಿದ ರೋಗಿಗಳಿಗೆ ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ತರಬೇತಿ ಕೊಟ್ಟ ಜರ್ಮನಿಯ ಅಧ್ಯಯನ (2017) ಮಾತುಕತೆಯಲ್ಲಿ ಸುಧಾರಣೆ ಕಂಡಿತು.

ಆದ್ದರಿಂದ ವಾಕ್ ಚಿಕಿತ್ಸಕರ ಬಳಿ ಮೊದಲ ದಿನವೇ ಮೂರು ಸಂಗತಿಗಳನ್ನು ಬರೆದು ಕೊಡಿರಿ: ರೋಗಿ ಯಾವ ಭಾಷೆಗಳನ್ನು ಯಾವ ವಯಸ್ಸಿನಲ್ಲಿ ಕಲಿತರು, ಯಾರೊಡನೆ ಯಾವುದನ್ನು ಬಳಸುತ್ತಿದ್ದರು, ಓದು ಬರಹ ಯಾವುದರಲ್ಲಿ. ಒಂದು ಭಾಷೆಯ ತರಬೇತಿಯ ಫಲ ಇನ್ನೊಂದಕ್ಕೆ ಕೆಲವರಲ್ಲಿ ಹರಿಯುತ್ತದೆ, ಕೆಲವರಲ್ಲಿ ಹರಿಯುವುದಿಲ್ಲ. ಚಿಕಿತ್ಸಕರಿಗೆ ಕನ್ನಡ ಬಾರದಿದ್ದರೆ ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿದ್ದು, ನಿತ್ಯ ಬಳಕೆಯ ಪದಗಳ, ಮನೆಯವರ ಹೆಸರುಗಳ ಪಟ್ಟಿ ಮಾಡಿಕೊಡಬಹುದು. ನಮ್ಮ ಸಂಘದ ಸದಸ್ಯರು ಪರಸ್ಪರ ಮಾಡಬಹುದಾದ ಸೇವೆಗಳಲ್ಲಿ ವಾರಕ್ಕೆ ಒಂದು ಗಂಟೆ ಹೀಗೆ ಜೊತೆಗೆ ಕೂರುವುದು ಅತ್ಯಂತ ಅಗ್ಗದ್ದು, ಅತ್ಯಂತ ಬೆಲೆಯುಳ್ಳದ್ದು.

ಹಣಕಾಸಿನ ಕೆಲವು ಮಾತು

ಬ್ಯಾಂಕಿನ ಕೌಂಟರಿನಲ್ಲಿ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆ: ಬಲಗೈ ಸೋತು ಸಹಿ ಹಾಕಲಾಗದವರ ಖಾತೆಯಿಂದ ಹಣ ತೆಗೆಯುವುದು ಹೇಗೆ? ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ದೃಢಪಡಿಸಬೇಕು. ಅವರಲ್ಲೊಬ್ಬರು ಜವಾಬ್ದಾರಿಯುಳ್ಳ ಬ್ಯಾಂಕ್ ಅಧಿಕಾರಿಯಾಗಿರಬೇಕು. ಬೆರಳಿನ ಗುರುತೂ ಸಾಧ್ಯವಾಗದಿದ್ದರೆ ಒಂದು ಚಿಹ್ನೆ ಸಾಕು; ಅದಕ್ಕೂ ಇಬ್ಬರ ಸಾಕ್ಷ್ಯ ಬೇಕು. ಸಹಿಯನ್ನು ಮನೆಯವರು ಅನುಕರಿಸುವ ಅಗತ್ಯವೇ ಇಲ್ಲ, ಅದು ಅಪರಾಧವೂ ಹೌದು. ಶಾಖೆಗೆ ತಿಳಿಸಿದರೆ ಅಧಿಕಾರಿ ಮನೆಗೆ ಬರುವ ವ್ಯವಸ್ಥೆ ಮಾಡಿಸಿಕೊಳ್ಳಬಹುದು. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಈಗ ಮುಖಚಹರೆಯ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

70 ವರ್ಷ ದಾಟಿದವರಿಗೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ವಯ ವಂದನ ಯೋಜನೆಗೆ ದಿಲ್ಲಿ 2025ರ ಏಪ್ರಿಲ್‌ನಲ್ಲಿ ಸೇರಿತು. ಅದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಸಿ.ಜಿ.ಎಚ್.ಎಸ್. ಸೌಲಭ್ಯವಿರುವ ನಿವೃತ್ತರು ಎರಡರಲ್ಲಿ ಒಂದನ್ನೇ ಆಯ್ದುಕೊಳ್ಳಬೇಕಾದುದರಿಂದ ವಿಚಾರಿಸಿ ನಿರ್ಧರಿಸುವುದು ಒಳಿತು.

ಮತ್ತೆ ಬಾರದಂತೆ

32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪಾರ್ಶ್ವವಾಯುವಿನ ಅಪಾಯದ ಸುಮಾರು ಶೇಕಡ 90ರಷ್ಟು ಭಾಗಕ್ಕೆ ಬದಲಿಸಬಹುದಾದ ಹತ್ತು ಕಾರಣಗಳಿವೆ. ಅವುಗಳಲ್ಲಿ ಮೊದಲನೆಯದು ರಕ್ತದೊತ್ತಡ. ಚಳಿಗೆ ರಕ್ತದೊತ್ತಡ ಏರುವ ಸ್ವಭಾವವಿರುವುದರಿಂದ ದಿಲ್ಲಿಯ ಡಿಸೆಂಬರ್, ಜನವರಿಗಳಲ್ಲಿ ಮನೆಯಲ್ಲೇ ಅಳೆದು ಬರೆದಿಡುವ ಅಭ್ಯಾಸ ಒಳ್ಳೆಯದು. ಭಾರತದ 31 ಕೇಂದ್ರಗಳಲ್ಲಿ ಸುಮಾರು 4,300 ರೋಗಿಗಳಿಗೆ 12 ಭಾಷೆಗಳಲ್ಲಿ ಸಂದೇಶ, ದೃಶ್ಯಪಾಠ, ಪುಸ್ತಿಕೆಗಳನ್ನು ಕೊಟ್ಟು ನಡೆಸಿದ ಅಧ್ಯಯನದಲ್ಲಿ (2023) ಔಷಧ ಸೇವನೆಯ ಶಿಸ್ತು ಉತ್ತಮಗೊಂಡರೂ ಒಂದು ವರ್ಷದಲ್ಲಿ ಮರು ಆಘಾತಗಳ ಸಂಖ್ಯೆ ಇಳಿಯಲಿಲ್ಲ. ಮೊಬೈಲಿಗೆ ಬರುವ ಉಪದೇಶ ಉಪಯುಕ್ತ. ಮಾತ್ರೆ ತಪ್ಪದೆ ನುಂಗುವುದು, ಉಪ್ಪು ತಗ್ಗಿಸುವುದು, ತಂಬಾಕು ಬಿಡುವುದು ನಮ್ಮ ಕೈಯಲ್ಲೇ ಉಳಿದ ಕೆಲಸ.

ಓದುಗರು ಈ ವಾರವೇ ಮಾಡಬಹುದಾದುದು ಇಷ್ಟು: ಒಂದು ಹಾಳೆಯಲ್ಲಿ ಹತ್ತಿರದ ಆಸ್ಪತ್ರೆಯ ದೂರವಾಣಿ, ಮನೆಯ ಹಿರಿಯರು ಸೇವಿಸುವ ಔಷಧಗಳ ಹೆಸರು, ಅವರು ಆಡುವ ಭಾಷೆಗಳು, ನೆರವಿಗೆ ಬರುವ ಇಬ್ಬರು ನೆರೆಯವರ ಹೆಸರು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿರಿ. ಒಂಟಿಯಾಗಿರುವ ಹಿರಿಯರ ಮನೆಗೆ ಹೋದಾಗ ಅವರದನ್ನೂ ಬರೆದುಕೊಟ್ಟು ಬನ್ನಿರಿ.